ನಿಮ್ಮ ರೂಪಾಯಿ ಇನ್ನೂ ಮುಗಿದಿಲ್ಲ, ಹೇಳ್ರಿ

'ನಿಮ್ಮ ಕರೆ ನಮಗೆ ಅತ್ಯಮೂಲ್ಯ' ಎಂಬ ಒಂದು ಸಾಲು ಬರೆಯಲು ನನಗೆ ಇಡೀ ಒಂದು ಮಧ್ಯಾಹ್ನ ಹಿಡಿದಿತ್ತು. ಬರೀ 'ಅಮೂಲ್ಯ' ಸಾಕೇ, 'ಅತ್ಯಮೂಲ್ಯ'ವೇ ಬೇಕೇ ಎಂದು ಎರಡು ಲೋಟ ಚಹಾ ಮುಗಿಯುವವರೆಗೆ ಯೋಚಿಸಿದ್ದೆ. ಆಮೇಲೆ ಅದನ್ನು ಇಂಗ್ಲಿಷ್, ತೆಲುಗು, ಹಿಂದಿ ಮೂರರಲ್ಲೂ ಬರೆದು, ಬಾಗಿಲು ಹಾಕಿಕೊಂಡು, ಟಿವಿಯಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಓದಿ ಅಂಗಡಿಯ ಫೋನಿನ ಟೇಪಿಗೆ ತುಂಬಿದೆ. ಒಟ್ಟು ನಲವತ್ತೆಂಟು ಸೆಕೆಂಡು. ಮೊದಲು ನಮಸ್ಕಾರ, ಆಮೇಲೆ ಅಂಗಡಿಯ ಹೆಸರು, ನಾವು ಮಾಡುವ ಕೆಲಸಗಳ ಪಟ್ಟಿ, 'ಸದ್ಯ ತಮ್ಮ ಕರೆ ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ' ಎಂಬ ವಿನಯ, ಕೊನೆಗೆ 'ಬೀಪ್ ಶಬ್ದದ ನಂತರ ತಮ್ಮ ಸಂದೇಶ ತಿಳಿಸಿ' ಎಂಬ ಸೂಚನೆ. ತಿರುಗಿಸಿ ಕೇಳಿದಾಗ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ನಮ್ಮ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನಿಂತು ಪೂರ್ತಿ ಕೇಳಿದರು. "ಛಲೋ ಅದ ಅಕ್ಕಾ. ಆದ್ರ ನಮ್ಮ ದುಕಾನ ಅನ್ಸಂಗಿಲ್ಲ, ಯಾವ್ದೋ ಬ್ಯಾಂಕ್ ಇದ್ದಂಗ ಅದ," ಎಂದರು.

"ಬ್ಯಾಂಕ್ ಇದ್ದಂಗ ಇರ್ಲಿ ಅಂತನೇ ಮಾಡೀನ್ರಿ," ಎಂದೆ.

ನಮ್ಮದು ನೀರಿನ ಮೋಟರ್ ದುರಸ್ತಿ ಮಾಡುವ ಸಣ್ಣ ಅಂಗಡಿ. ಹೈದರಾಬಾದಿನ ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಕಟ್ಟಡವೊಂದರಲ್ಲಿ ಒಂದೂವರೆ ಕೋಣೆ. ಹುಮನಾಬಾದ್ ಕಡೆಯ ಮಿಸ್ತ್ರಿ ವೈಂಡಿಂಗ್ ಕಟ್ಟುವುದರಲ್ಲಿ ಎತ್ತಿದ ಕೈ. ಬಿಡಿಭಾಗ ತರುವುದು, ಕಾಗದಪತ್ರ, ಗಿರಾಕಿಗಳ ಜೊತೆ ಮಾತು ನನ್ನ ಪಾಲು. ಇರುವುದು ನಾವಿಬ್ಬರೇ. ಸಾಫ್ಟ್‌ವೇರ್ ಕಂಪನಿಗಳ ಬೆನ್ನಿಗೆ ಮಿಯಾಪುರದಲ್ಲಿ, ಮಣಿಕೊಂಡದಲ್ಲಿ ಬಂಡೆಗಳ ನಡುವೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲವದು. ಒಂದೊಂದು ಕಟ್ಟಡಕ್ಕೂ ಕೆಳಗೊಂದು ಸಂಪು, ಮೇಲೊಂದು ಟ್ಯಾಂಕು, ನಡುವೆ ಕೆಡುವುದಕ್ಕೆಂದೇ ಕಾದಿರುವ ಒಂದು ಮೋಟರು. ಸೆಲ್‌ಫೋನಿಗೆ ಬಂದ ಕರೆಗೂ ಹಣ ತೆರಬೇಕಿದ್ದ ದಿನಗಳಾದ್ದರಿಂದ ಅದು ನಮ್ಮ ಕೈಗೆ ಬಂದಿರಲಿಲ್ಲ. ಮಿಸ್ತ್ರಿ ಯಾವುದೋ ಸಂಪಿನೊಳಗೆ, ನಾನು ರಾಣಿಗಂಜಿನಲ್ಲಿ ಬೇರಿಂಗು ಹುಡುಕುತ್ತ ಇದ್ದರೆ, ಅಂಗಡಿಯ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಅದಕ್ಕೇ ಉತ್ತರ ಹೇಳುವ ಯಂತ್ರವೊಂದನ್ನು ತಂದೆ.

ಯಂತ್ರದಲ್ಲಿ ಎರಡು ಪುಟ್ಟ ಕ್ಯಾಸೆಟ್ಟುಗಳು. ಒಂದರಲ್ಲಿ ನಾವು ಹೇಳುವುದು, ಇನ್ನೊಂದರಲ್ಲಿ ಅವರು ಹೇಳುವುದು. ನಾಲ್ಕನೆಯ ರಿಂಗಿಗೆ ಯಂತ್ರ ತಾನೇ ಫೋನೆತ್ತಿ ನಮ್ಮ ಮಾತು ಕೇಳಿಸುತ್ತದೆ, ಮುಗಿದ ಮೇಲೆ 'ಕುಂಯ್' ಎನ್ನುತ್ತದೆ, ಅಲ್ಲಿಂದಾಚೆಗಷ್ಟೇ ಅವರ ಮಾತು ಮುದ್ರಣವಾಗುತ್ತದೆ. ಈ 'ಅಲ್ಲಿಂದಾಚೆಗಷ್ಟೇ' ಎನ್ನುವುದನ್ನು ಓದುಗರು ನೆನಪಿಡಬೇಕು, ಏಕೆಂದರೆ ನಾನು ಇಡಲಿಲ್ಲ.

ಮೊದಲ ವಾರ ಸಂಜೆ ಬಂದು ಟೇಪು ಹಾಕಿದರೆ ಬರೀ ಟಕ್, ಟಕ್. ಯಾರೋ ಫೋನಿಟ್ಟ ಸದ್ದು. ಒಂದರಲ್ಲಿ ಉಸಿರು, ಇನ್ನೊಂದರಲ್ಲಿ ಎಲ್ಲೋ ಲಾರಿ ಹಾರ್ನು. ಸರಿಯಾಗಿ ಮಾತಾಡಿದವರು ಇಬ್ಬರೇ, ಇಬ್ಬರೂ ಇಂಗ್ಲಿಷಿನವರು. ಜನರಿಗೆ ಇನ್ನೂ ರೂಢಿಯಿಲ್ಲ, ಕಲಿಯುತ್ತಾರೆ ಬಿಡು ಎಂದುಕೊಂಡೆ. ತಪ್ಪು ಜನರದು ಎಂದುಕೊಳ್ಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ಎರಡನೆಯ ವಾರ ಮಿಯಾಪುರದಿಂದ ಬುಲಾವ್ ಬಂತು. ನಾಲ್ಕು ಬ್ಲಾಕುಗಳ ದೊಡ್ಡ ಅಪಾರ್ಟ್‌ಮೆಂಟು; ನಮ್ಮ ಪಾಲಿನ ಅತಿ ದೊಡ್ಡ ಗಿರಾಕಿ. ದೂರು ಕೊಟ್ಟ ನಾಲ್ಕು ಗಂಟೆಯೊಳಗೆ ಬರುತ್ತೇವೆಂದು ಬರೆದುಕೊಟ್ಟು ಒಪ್ಪಂದ ಮಾಡಿಕೊಂಡಿದ್ದೆವು. ಸಿ ಬ್ಲಾಕಿನ ಮೋಟರು ಹಿಂದಿನ ವಾರದಲ್ಲಿ ಎರಡು ಸಲ ನಿಂತಿತ್ತು, ಎರಡು ಸಲವೂ ನಾವು ಹೋಗಿರಲಿಲ್ಲ, ಅವರು ಬೇರೆಯವರನ್ನು ಕರೆಸಿ ಓಡಿಸಿಕೊಂಡಿದ್ದರು. ಜನ ಕಚೇರಿಗೆ ಸ್ನಾನವಿಲ್ಲದೆ ಹೋಗಿದ್ದರು. ಸಂಘದ ಕಾರ್ಯದರ್ಶಿ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರು. ತೆಲುಗಿನವರು, ಮರ್ಯಾದಸ್ಥರು, ಗಡಿಯಾರದ ಮನುಷ್ಯ. ಅವರೆದುರು ವಾಚ್‌ಮನ್ ಕೈಕಟ್ಟಿ ನಿಂತಿದ್ದ. ತನ್ನ ಹೆಂಡತಿ ಎರಡು ಸಲವೂ ನಮ್ಮ ಅಂಗಡಿಗೆ ಫೋನ್ ಮಾಡಿದ್ದಾಳೆ ಎಂಬುದು ಅವನ ಮಾತು.

ನಾನು ಸುಮ್ಮನಿರಲಿಲ್ಲ. ಯಂತ್ರವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮೇಜಿನ ಮೇಲಿಟ್ಟು, ಪ್ಲಗ್ಗು ಸಿಕ್ಕಿಸಿ, ಆ ವಾರದ ಟೇಪು ಪೂರ್ತಿ ಕೇಳಿಸಿದೆ. ಟಕ್, ಟಕ್, ಉಸಿರು, ಟಕ್. ಮಿಯಾಪುರದ ಹೆಸರೇ ಇಲ್ಲ.

"ಯಂತ್ರ ಸುಳ್ಳು ಹೇಳುವುದಿಲ್ಲ," ಎಂದರು ಕಾರ್ಯದರ್ಶಿ. ವಾಚ್‌ಮನ್ ಕಡೆ ತಿರುಗಿ, ಈ ಭಾನುವಾರ ಕಮಿಟಿ ಸೇರುತ್ತದೆ, ಅಷ್ಟರೊಳಗೆ ಬೇರೆ ಕೆಲಸ ನೋಡಿಕೋ ಎಂದುಬಿಟ್ಟರು. ಮೆಟ್ಟಿಲ ಕೆಳಗಿನ ಅವನ ಕೋಣೆಯೂ ಕೆಲಸದ ಜೊತೆಗೇ ಹೋಗುತ್ತದೆ. ನನಗೆ ಒಪ್ಪಂದ ಉಳಿಯಿತೆಂಬ ಸಮಾಧಾನವಾಯಿತು. ಆ ಹೊತ್ತಿಗೆ ಆದದ್ದು ಅಷ್ಟೇ ಎಂದು ಈಗ ಒಪ್ಪಿಕೊಳ್ಳುವುದು ಒಳ್ಳೆಯದು.

ಗೇಟಿನ ಹತ್ತಿರ ಅವನ ಹೆಂಡತಿ ನನ್ನನ್ನು ತಡೆದಳು. ಮೊದಲು ತೆಲುಗಿನಲ್ಲೇ ಶುರು ಮಾಡಿದಳು. ಸಿಟ್ಟಿನಲ್ಲಿ ನನ್ನ ಬಾಯಿಂದ ಒಂದು ಕನ್ನಡ ಮಾತು ಬಿದ್ದದ್ದೇ ಅವಳೂ ಕನ್ನಡಕ್ಕೆ ಇಳಿದಳು. ರಾಯಚೂರು ಕಡೆಯವಳು.

"ಅಕ್ಕಾರ, ನಾ ಫೋನ್ ಮಾಡೀನ್ರಿ. ನಿಮ್ಮ ಕೂಡನ ಮಾತಾಡೀನಿ."

"ನನ್ನ ಕೂಡ?"

"ಹೌದ್ರಿ. ನೀವು ನಮಸ್ಕಾರ ಅಂದ್ರಿ, ನಾನೂ ನಮಸ್ಕಾರ್ರಿ ಅಂದೆ. ಮೋಟರ್ ಕೆಟ್ಟೈತಿ ಅಂತ ಎಲ್ಲಾ ಹೇಳೀನಿ. ಎರಡು ಸಲ ಹೇಳೀನಿ. ನೀವ ಬರಲಿಲ್ಲ."

ಬೆಳಿಗ್ಗೆಯಿಂದ ಸಂಜೆಯವರೆಗೆ ರಾಣಿಗಂಜಿನಲ್ಲಿದ್ದ ನನ್ನ ಜೊತೆ ಇವಳು ಫೋನಿನಲ್ಲಿ ಮಾತಾಡಿದಳಂತೆ. ಹಸೀ ಸುಳ್ಳು ಎನಿಸಿ ಮೈಯೆಲ್ಲ ಉರಿಯಿತು. "ಹಂಗಾರ ಈಗ ಮಾಡಿ ತೋರಿಸು," ಎಂದೆ. ಅಂಗಡಿಯಿಂದ ತಂದ ಯಂತ್ರ ನನ್ನ ಚೀಲದಲ್ಲೇ ಇತ್ತಾದ್ದರಿಂದ ಅಂದು ತೋರಿಸುವುದು ಸಾಧ್ಯವಿರಲಿಲ್ಲ. ಮಾರನೆಯ ದಿನ ಯಂತ್ರವನ್ನು ಫೋನಿಗೆ ಮತ್ತೆ ಜೋಡಿಸಿಟ್ಟು, ಅವಳ ಸುಳ್ಳು ಹಿಡಿಯಲೆಂದೇ ಸ್ಕೂಟರಿನಲ್ಲಿ ಮಿಯಾಪುರಕ್ಕೆ ಹೋದೆ.

ಗೇಟಿನೆದುರಿನ ಕಿರಾಣಿ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯ ಹಾಕುವ ಫೋನು. ಅವಳು ನಂಬರು ಒತ್ತಿದಳು. ನಾನು ರಿಸೀವರಿಗೆ ಕಿವಿ ತಾಗಿಸಿ ನಿಂತೆ. ನಾಲ್ಕು ರಿಂಗಾಗಿ ನನ್ನದೇ ದನಿ ಬಂತು: ನಮಸ್ಕಾರ್. "ನಮಸ್ಕಾರಮಂಡಿ," ಎಂದಳು ಅವಳು, ಮತ್ತು ನಿಲ್ಲಲಿಲ್ಲ. ಅತ್ತ ನಾನು ಇಂಗ್ಲಿಷಿನಲ್ಲಿ ನಮ್ಮ ಸೇವೆಗಳನ್ನು ಹೊಗಳುತ್ತಿದ್ದೆ, ಇತ್ತ ಅವಳು ಮಿಯಾಪುರ, ಸಿ ಬ್ಲಾಕು, ಸಂಪಿನ ಮೋಟರು ಎಂದು ಒಂದೊಂದಾಗಿ ಹೇಳುತ್ತಿದ್ದಳು. ನಾನು ತೆಲುಗಿಗೆ ಬಂದೆ, ಅವಳು ಬೇಗ ಬನ್ನಿ ಎನ್ನುತ್ತಿದ್ದಳು. ನಾನು ಹಿಂದಿಗೆ ಬರುವಷ್ಟರಲ್ಲಿ ಅವಳ ದೂರು ಮುಗಿದು, ಹೂಂ ಹೂಂ ಎನ್ನುತ್ತ ವಿನಯದಿಂದ ಕೇಳುತ್ತ ನಿಂತಿದ್ದಳು. ಕೊನೆಗೆ 'ಕುಂಯ್' ಎಂದಿತು. ಅವಳು ಥಟ್ಟನೆ ಫೋನು ಇಟ್ಟಳು.

"ಯಾಕ ಇಟ್ಟಿ?"

"ರೂಪಾಯಿ ಮುಗೀತಲ್ರಿ. ಕುಂಯ್ ಅಂತು. ಇನ್ನ ನಿಂತ್ರ ಮತ್ತೊಂದ ರೂಪಾಯಿ ಕೇಳ್ತೈತಿ. ಹೆಂಗೂ ಎಲ್ಲಾ ಹೇಳಿ ಆಗಿತ್ತು."

ನಾಣ್ಯದ ಫೋನುಗಳು ಕರೆ ಮುಗಿಯುವ ಮುಂಚೆ ಎಚ್ಚರಿಸಲು ಹಾಗೆಯೇ ಕೂಗುತ್ತಿದ್ದವು. ಊರಿನ ವಾಚ್‌ಮನ್‌ಗಳೆಲ್ಲ, ಅವರ ಹೆಂಡಂದಿರೆಲ್ಲ ಆ ಸದ್ದಿಗೆ ಫೋನಿಡುವುದನ್ನು ಕಲಿತಿದ್ದರು. ನಾನು ಮಾತಾಡಿ ಎಂದು ಹಾಕಿಸಿದ ಸದ್ದು ಅವರ ಕಿವಿಗೆ ಸಾಕು ಮಾಡು ಎಂದು ಕೇಳಿಸುತ್ತಿತ್ತು.

"ಟೇಪು ಅಂತ ತೆಲುಗಿನ್ಯಾಗ ಹೇಳೀನಲ್ಲ, ಕೇಳಿಸ್ಕೋಬೇಕಲ್ಲ," ಎಂದೆ. ನನ್ನ ಮಾತಿನಲ್ಲಿ ಹುರುಪು ಉಳಿದಿರಲಿಲ್ಲ.

"ನೀವ ಭಾಳ ಮಾತಾಡಾಕತ್ತಿದ್ರಿ ಅಕ್ಕಾರ. ನಿಲ್ಲವಲ್ರಿ. ಅದಕ್ಕ ನಾ ನಡುವ ನಡುವ ಹೇಳಿಬಿಟ್ಟೆ."

ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಕಿರಾಣಿ ಅಂಗಡಿಯವನು ಅತ್ತ ತಿರುಗಿ ನಕ್ಕದ್ದು ಕಾಣಿಸಿತು. ನನಗೆ ನಾಚಿಕೆಯಾಯಿತು. ಆ ನಾಚಿಕೆ ನನ್ನ ಗತ್ತಿನ ದನಿಗಲ್ಲ. ನಿನ್ನೆ ಮೇಜಿನ ಮೇಲೆ ಯಂತ್ರವಿಟ್ಟು ನಾನು ಸಾಬೀತು ಮಾಡಿದ್ದು ಒಬ್ಬ ನಿಜ ಹೇಳಿದವಳನ್ನು ಸುಳ್ಳಿ ಎಂದು. ಅದರಿಂದ ಒಂದು ಸಂಸಾರ ಬೀದಿಗೆ ಬೀಳುವುದರಲ್ಲಿತ್ತು.

ಅಂಗಡಿಗೆ ಬಂದು ಮಿಸ್ತ್ರಿಗೆ ಹೇಳಿದೆ. ಕಾರ್ಯದರ್ಶಿಗೆ ನಿಜ ತಿಳಿಸಿದರೆ ಒಪ್ಪಂದ ಹೋಗಬಹುದು ಎಂಬುದನ್ನೂ ಹೇಳಿದೆ. ಅವರು ತಾಮ್ರದ ತಂತಿ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಒಪ್ಪಂದ ಹೋದ್ರ ಮತ್ತೊಂದು ಬರ್ತದ ಅಕ್ಕಾ. ಖರೆ ಅಂದ್ರ ಖರೆ. ಹೇಳಿಬಿಡ್ರಿ."

ಸಂಜೆ ಕಾರ್ಯದರ್ಶಿಯ ಮನೆಗೆ ಹೋಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟ. ನಿನ್ನೆ ಯಂತ್ರ ಸರಿ ಅಂದಿರಿ, ಇವತ್ತು ಯಂತ್ರ ತಪ್ಪು ಅನ್ನುತ್ತಿದ್ದೀರಿ, ನಾಳೆ ಏನನ್ನುತ್ತೀರಿ ಎಂದು ಕೇಳಿದರು. ಆಕೆ ಫೋನಿನಲ್ಲಿ ಮಾತಾಡಿದಳು ಎನ್ನುವುದಕ್ಕೆ ನಿಮ್ಮ ಮಾತೊಂದೇ ಆಧಾರ. ಟೇಪಿನಲ್ಲಿ ಅವಳ ದನಿ ಎಲ್ಲಿದೆ? ಒಂದು ಫೋನು ಮಾಡಲು ಬರದವಳನ್ನು ನಂಬಿ ಅರವತ್ತು ಮನೆಯ ನೀರಿನ ಹೊಣೆ ಬಿಡಲಾಗುತ್ತದೆಯೇ? ಭಾನುವಾರದ ಕಮಿಟಿಯಲ್ಲಿ ವಾಚ್‌ಮನ್ ವಿಷಯ, ನಿಮ್ಮ ವಿಷಯ ಎರಡನ್ನೂ ಇಡುತ್ತೇನೆ ಎಂದರು. ಅಂದು ಮಂಗಳವಾರ.

ಆ ರಾತ್ರಿ ಊಟ ಮಾಡುತ್ತಲೇ ಹೊಸ ಮಾತು ಬರೆದೆ. ನಮಸ್ಕಾರ ತೆಗೆದೆ, ನಮಸ್ಕಾರ ಅಂದರೆ ಜನ ಮರುನಮಸ್ಕಾರ ಹೇಳಿಯೇ ಹೇಳುತ್ತಾರೆ. ಸೇವೆಗಳ ಪಟ್ಟಿ ತೆಗೆದೆ. ಮೋಟರು ಕೆಟ್ಟವನಿಗೆ ಅದು ಗೊತ್ತಿರುತ್ತದೆ. 'ಅತ್ಯಮೂಲ್ಯ'ವನ್ನು ಎರಡು ಸಲ ತೆಗೆದು, ಎರಡು ಸಲ ಸೇರಿಸಿ, ಕೊನೆಗೆ ತೆಗೆದೆ. ಇಂಗ್ಲಿಷ್, ಹಿಂದಿ ತೆಗೆದೆ. ನಮ್ಮ ಹತ್ತೂ ಕಟ್ಟಡಗಳ ವಾಚ್‌ಮನ್‌ಗಳ ಪಟ್ಟಿ ಮಾಡಿ ನೋಡಿದರೆ ಆರು ಮನೆಯವರು ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರು, ಉಳಿದವರು ತೆಲುಗಿನವರು. ಫೋನ್ ಮಾಡುವವರು ಇವರೇ, ಅಪಾರ್ಟ್‌ಮೆಂಟಿನ ಮಾಲೀಕರಲ್ಲ. ಕನ್ನಡವನ್ನು ಹಾಕಬೇಕೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕನ್ನಡ ಹೊಸ್ತಿಲೊಳಗಿನ ಮಾತು, ಚಪ್ಪಲಿ ಮೆಟ್ಟಿದೊಡನೆ ತೆಲುಗು.

ಹೊಸ ಮಾತು ಹದಿಮೂರು ಸೆಕೆಂಡಿಗೆ ಬಂತು. ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ: 'ಇದು ಮೋಟರ್ ಅಂಗಡಿಯ ಟೇಪು. ಕುಂಯ್ ಎಂಬ ಸದ್ದಾದ ಮೇಲೆ ಮಾತನಾಡಿರಿ.' ಬುಧವಾರ ಬೆಳಿಗ್ಗೆ ಮಣಿಕೊಂಡದ ಮೂರು ಕಟ್ಟಡಗಳಿಗೆ ಹೋಗಿ, ಸುಮ್ಮನೆ ಒಂದು ಸಲ ಅಂಗಡಿಗೆ ಫೋನ್ ಮಾಡಿ ನೋಡಿ ಎಂದು ವಾಚ್‌ಮನ್‌ಗಳ ಕೈಯಲ್ಲಿ ನಾಣ್ಯ ಕೊಟ್ಟು ಬಂದೆ. ಸಂಜೆ ಟೇಪು ಕೇಳಿದರೆ ಈ ಸಲ ಮಾತುಗಳಿದ್ದವು, ಅಷ್ಟರಮಟ್ಟಿಗೆ ಪ್ರಗತಿ. ಮೊದಲನೆಯವನು, "ಕುಂಯ್ ಅಂತು," ಎಂದು ವರದಿ ಮಾಡಿ ಇಟ್ಟಿದ್ದ. ಎರಡನೆಯವನು, "ಹಲೋ? ಹಲೋ? ಕುಂಯ್ ಅಂದೈತ್ರಿ, ಯಾರದೀರಿ?" ಎಂದು ಕೇಳಿ, ಉತ್ತರಕ್ಕೆ ಕಾದು, ಬೇಜಾರಾಗಿ ಇಟ್ಟಿದ್ದ. ಮೂರನೆಯದು ಹಳೆಯ ಟಕ್.

ಮಿಸ್ತ್ರಿ ನಗು ತಡೆಯಲಾರದೆ ಸ್ಪ್ಯಾನರು ಕೆಳಗಿಟ್ಟರು. ನನಗೆ ನಗು ಬರಲಿಲ್ಲ, ಭಾನುವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

ದಾರಿ ಸಿಕ್ಕಿದ್ದು ಗುರುವಾರ, ಅದೂ ನಾನು ಹುಡುಕುತ್ತಿದ್ದ ಕಡೆಯಲ್ಲಲ್ಲ. ನಾನು ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೆ. ಫೋನು ಬಡಿಯಿತು. ಹತ್ತಿರವಿದ್ದ ಮಿಸ್ತ್ರಿ ಎರಡನೆಯ ರಿಂಗಿಗೇ ಮೊಣಕೈಯಿಂದ ರಿಸೀವರ್ ಎತ್ತಿ ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡರು. ಅವರು ಹೇಳಿದ್ದು ಇಷ್ಟೇ: "ಹಾಂ, ಹೇಳ್ರಿ." ಅತ್ತಲಿಂದ ಕಾಲುವೆಯ ತೂಬು ಎತ್ತಿದ ಹಾಗೆ ಮಾತು ಹರಿಯಿತು, ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ನಡುವೆ ನಾಣ್ಯದ ಫೋನು ಕೂಗಿತು. ಅತ್ತಲಿನವನು ಗಾಬರಿಯಾಗಿ ಇಡುವುದರಲ್ಲಿದ್ದನೆಂದು ತೋರುತ್ತದೆ. ಮಿಸ್ತ್ರಿ, "ಏ, ಇಡಬ್ಯಾಡ್ರಿ, ಇನ್ನೂ ಮುಗಿದಿಲ್ಲ ನಿಮ್ಮ ರೂಪಾಯಿ. ಹೇಳ್ರಿ, ಹೇಳ್ರಿ," ಎಂದರು. ಅವನು ಪೂರ್ತಿ ಹೇಳಿದ.

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ನನ್ನ ಎರಡೂ ಬರಹಗಳಲ್ಲಿ ಎಲ್ಲವೂ ಇತ್ತು, ಈ ಒಂದು ಮಾತು ಇರಲಿಲ್ಲ. 'ಮಾತನಾಡಿರಿ' ಎಂದರೆ ಭಾಷಣಕ್ಕೆ ಕರೆದಂತೆ. 'ಹೇಳ್ರಿ' ಎಂದರೆ ನಾನು ಕೇಳುತ್ತಿದ್ದೇನೆ ಎಂದರ್ಥ. ನಮ್ಮ ಜನ ಬಾಯಿ ತೆರೆಯುವುದು ಅದಕ್ಕೇ. ತೆಲುಗಿನವರಿಗೂ ಅಷ್ಟೇ, ಫೋನಿನಲ್ಲಿ ಯಾರಾದರೂ 'ಚೆಪ್ಪಂಡಿ' ಎನ್ನುವವರೆಗೆ ಅವರು ಶುರು ಮಾಡುವುದಿಲ್ಲ. ಆ ಮಾತು ಕೊನೆಯ ಮಾತಾಗಬೇಕು, ಅದರ ಬೆನ್ನಿಗೇ ಕುಂಯ್ ಬರಬೇಕು, ಮತ್ತು ಆ ಕುಂಯ್‌ಗೆ ಹೆದರಬೇಡಿ ಎಂದು ಅದಕ್ಕೂ ಮುಂಚೆ ಹೇಳಿರಬೇಕು. ಇನ್ನೂ ಒಂದು ತೀರ್ಮಾನ ಆ ಕ್ಷಣದಲ್ಲೇ ಮಾಡಿದೆ: ದನಿ ನನ್ನದಲ್ಲ, ಮಿಸ್ತ್ರಿಯದು.

ಮಿಸ್ತ್ರಿ ಯಂತ್ರದ ಮುಂದೆ ಕೂತೊಡನೆ ಕಲ್ಲಾಗಿಬಿಟ್ಟರು. ಕೆಮ್ಮಿದರು, ಬೆನ್ನು ನೇರ ಮಾಡಿಕೊಂಡರು, ನನ್ನದೇ ವಾರ್ತೆಯ ದನಿಯಲ್ಲಿ, "ಪ್ರಿಯ ಗ್ರಾಹಕರೇ," ಎಂದು ಶುರು ಮಾಡಿದರು. ಆ ಮಾತು ಅವರಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಎರಡನೆಯ ಸಲ ಚೆನ್ನಾಗಿಯೇ ಬಂದಿತ್ತು, ವಿಮಾನವೊಂದು ತಲೆಯ ಮೇಲೆಯೇ ಇಳಿದು ಎಲ್ಲವನ್ನೂ ನುಂಗಿತು. ಬೇಗಂಪೇಟೆಯಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲಿ, ಅಂಗಡಿ ಇಟ್ಟುಕೊಂಡವರು ಒಂದು ವಾಕ್ಯವನ್ನು ಎರಡು ಕಂತಿನಲ್ಲಿ ಮುಗಿಸುವುದನ್ನು ಕಲಿತಿರುತ್ತಾರೆ, ಯಂತ್ರಕ್ಕೆ ಅದು ಗೊತ್ತಿಲ್ಲ. ಐದನೆಯ ಸಲಕ್ಕೆ ನಾನು ಉಪಾಯ ಬದಲಿಸಿದೆ. ಅವರನ್ನು ಕೆಲಸಕ್ಕೆ ಕಳಿಸಿದೆ. ಮೋಟರಿನ ಹೊಟ್ಟೆಯೊಳಗೆ ಅವರ ಎರಡೂ ಕೈ ಇರುವಾಗ ಗುಂಡಿ ಒತ್ತಿ, ಕೆಟ್ಟುಹೋದ ಹಳೆಯ ಫೋನಿನ ರಿಸೀವರನ್ನು ಅವರ ಕಿವಿಗೆ ಹಿಡಿದು, "ಮಿಸ್ತ್ರಿ, ಫೋನು," ಎಂದೆ. ಮನುಷ್ಯ ಮೊದಲಿನಂತಾದರು. ಮೊದಲು ತೆಲುಗು, ಆಮೇಲೆ ಕನ್ನಡ:

"ಹಾಂ, ಮೋಟರ್ ಮಿಸ್ತ್ರಿ ಇದೀನಿ. ಕೆಲಸದ ಮ್ಯಾಲ ಹೋಗೀನಿ, ಇದು ಟೇಪ್ ಅದ. ಈಗ ಕುಂಯ್ ಅಂತದ, ಇಡಬ್ಯಾಡ್ರಿ, ನಿಮ್ಮ ರೂಪಾಯಿ ಇನ್ನೂ ಮುಗಿದಿಲ್ಲ. ಯಾವ ಬಿಲ್ಡಿಂಗು, ಏನಾಗ್ಯದ... ಚೆಪ್ಪಂಡಿ. ಹೇಳ್ರಿ."

ಎರಡೂ ಸೇರಿ ಹತ್ತೊಂಬತ್ತು ಸೆಕೆಂಡು. ಹಿನ್ನೆಲೆಯಲ್ಲಿ ಸ್ಪ್ಯಾನರು ಬಿದ್ದ ಸದ್ದೂ ಇತ್ತು. ಅಳಿಸಲಿಲ್ಲ, ಅಂಗಡಿಯಲ್ಲಿ ಕೆಲಸ ನಡೆಯುತ್ತಿದೆ ಎಂದು ಗೊತ್ತಾಗಲಿ ಎಂದು ಬಿಟ್ಟೆ.

ಗುರುವಾರ ಮಧ್ಯಾಹ್ನ ಇದನ್ನು ಮೊದಲು ಕೇಳಿದವರು ಕಾರ್ಯದರ್ಶಿ. ಟೇಪಿನಲ್ಲೇ ಬೇಸರ ಹೇಳಿದ್ದರು, ಸಂಜೆ ಮತ್ತೆ ಮಾಡಿದಾಗ ನಾನೇ ಎತ್ತಿದೆ. "ಏನು ಮೇಡಂ ಇದು? ಬೀದಿ ಬದಿಯ ಪಾನ್ ಡಬ್ಬಾದಂತಿದೆ. ನಮ್ಮಲ್ಲಿ ಅಮೆರಿಕಾದಿಂದ ವಾಪಸಾದವರು ಇದ್ದಾರೆ. ಮೊದಲಿನದು ಎಷ್ಟು ಪ್ರೊಫೆಷನಲ್ ಆಗಿತ್ತು. ಅದನ್ನೇ ಹಾಕಿ, ಕಮಿಟಿಯ ಮುಂದೆ ನನಗೂ ಹೇಳಲು ಒಂದು ಮಾತಿರುತ್ತದೆ." ಹಾಕಿಬಿಡೋಣ ಎಂದು ನನಗೆ ಒಂದು ಗಳಿಗೆ ಅನಿಸಿದ್ದುಂಟು. ನನ್ನ ದನಿಯನ್ನು ಅಷ್ಟು ಹೊಗಳಿದವರು ಬೇರೆ ಯಾರೂ ಇರಲಿಲ್ಲ. "ಭಾನುವಾರದವರೆಗೆ ಇದು ಇರಲಿ ಸಾರ್," ಎಂದೆ. "ನಿಮ್ಮಿಷ್ಟ," ಎಂದು ಇಟ್ಟರು. ತೆಲುಗಿನಲ್ಲೂ ಕನ್ನಡದಲ್ಲೂ ಆ ಮಾತಿಗೆ ಒಂದೇ ಅರ್ಥ.

ಶುಕ್ರವಾರ ನಾವಿಬ್ಬರೂ ಮಣಿಕೊಂಡದಲ್ಲಿದ್ದೆವು. ಮಿಸ್ತ್ರಿ ಸೊಂಟದವರೆಗೆ ಸಂಪಿನಲ್ಲಿ, ನಾನು ಮೇಲೆ ಟಾರ್ಚು ಹಿಡಿದು. ಹತ್ತೂವರೆಗೆ ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ನಮ್ಮದೇ ನಂಬರಿಗೆ ಫೋನ್ ಮಾಡಿದೆ. ಯಂತ್ರದ ಪುಸ್ತಕ ಓದಿ ಹಿಂದಿನ ದಿನವಷ್ಟೇ ಕಲಿತಿದ್ದೆ: ಹೊರಗಿನಿಂದ ಫೋನ್ ಮಾಡಿ ಎರಡು ಅಂಕಿ ಒತ್ತಿದರೆ ಬಂದ ಸಂದೇಶಗಳನ್ನು ಅದು ಕೇಳಿಸುತ್ತದೆ. ಒತ್ತಿದೆ. ಟೇಪು ಹಿಂದಕ್ಕೆ ಸುತ್ತಿ ಶುರುವಾಯಿತು. ಅವಳ ದನಿ. ನಾನು ಬೂತಿನ ಬಾಗಿಲು ತೆರೆದು ಮಿಸ್ತ್ರಿಯನ್ನು ಕೂಗಿದೆ. ಅವರು ನೀರು ಸುರಿಸುತ್ತಲೇ ಓಡಿಬಂದರು, ಇನ್ನೊಮ್ಮೆ ಹಾಕಿ ರಿಸೀವರನ್ನು ಅವರ ಕಿವಿಗೆ ಹಿಡಿದೆ. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

"ಗುಂಯ್ ಅಂತದ, ತಿರಗವಲ್ದು ಅಂತಾಳ. ಕೆಪಾಸಿಟರ್ ಹೋಗ್ಯದ ಅಕ್ಕಾ. ಮೋಟರ್ ಬಿಚ್ಚೋದೇ ಬ್ಯಾಡ."

ಕೆಪಾಸಿಟರು ಮೋಟರನ್ನು ಮೊದಲು ತಿರುಗಿಸಲು ತಳ್ಳು ಕೊಡುವ ಪುಟ್ಟ ಡಬ್ಬಿ. ಅದು ಹೋದರೆ ಮೋಟರು ಗುನುಗುತ್ತದೆ, ತಿರುಗುವುದಿಲ್ಲ; ಹಾಗೆಯೇ ಬಿಟ್ಟರೆ ಒಳಗಿನ ವೈಂಡಿಂಗ್ ಸುಟ್ಟು ಎರಡು ದಿನದ ಕೆಲಸವಾಗುತ್ತದೆ. ಸುತ್ತುಬಳಸಿ ಅಮೀರ್‌ಪೇಟೆಗೆ ಹೋಗಿ ಒಂದು ಹೊಸ ಕೆಪಾಸಿಟರು ಕೊಂಡು, ಹನ್ನೆರಡೂವರೆಗೆ ಸಿ ಬ್ಲಾಕಿನಲ್ಲಿದ್ದೆವು. ಹಳೆಯದು ಉಬ್ಬಿ ನಿಂತಿತ್ತು. ತೆಗೆದು ಹೊಸದು ಹಾಕಲು ಹದಿನೈದು ನಿಮಿಷ. ಮೋಟರು ತಿರುಗಿ ಪೈಪಿನಲ್ಲಿ ನೀರು ಏರುವ ಸದ್ದಾದಾಗ, ಮೈ ಒದ್ದೆಯಾಗಿದ್ದ ಮಿಸ್ತ್ರಿಯೂ ಒಣ ಸೀರೆಯ ನಾನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆ ದಿನ ಯಾವ ಮನೆಯ ನಲ್ಲಿಯೂ ನಿಲ್ಲಲಿಲ್ಲ. ಸಂತೋಷದಿಂದ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ವಾಚ್‌ಮನ್‌ನ ಹೆಂಡತಿ ನೋಡಿದಳು, ಒಳಗೆ ಹೋಗಿ ಚಹಾ ತಂದಳು.

ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಏಳು ಜನ ಕಮಿಟಿಯವರು. ವಾಚ್‌ಮನ್ ಮತ್ತು ಅವನ ಹೆಂಡತಿ ಬಾಗಿಲ ಹೊರಗೆ. ಕಾರ್ಯದರ್ಶಿ ವಿಷಯ ಓದಿದರು: ಎರಡು ದೂರು ತಲುಪಿಲ್ಲ, ವಾಚ್‌ಮನ್ ಫೋನ್ ಮಾಡಿಸಿದೆ ಎನ್ನುತ್ತಾನೆ, ಆಧಾರವಿಲ್ಲ. ನಾನು ಎದ್ದು ಮೊದಲ ಎರಡು ದೂರು ನಮ್ಮ ಟೇಪಿನ ತಪ್ಪಿನಿಂದ ಹೋದವು ಎಂದೆ. ಮತ್ತೆ ಅದೇ ಯಂತ್ರವನ್ನು ಅದೇ ಮೇಜಿನ ಮೇಲಿಟ್ಟು, ಅದೇ ಪ್ಲಗ್ಗಿಗೆ ಸಿಕ್ಕಿಸಿ, ಶುಕ್ರವಾರದ ಟೇಪು ಹಾಕಿದೆ.

"ಹೇಳ್ತೀನ್ರಿ ಮಿಸ್ತ್ರಿ ಅಣ್ಣಾರ. ಮಿಯಾಪುರ ಸಿ ಬ್ಲಾಕ್‌ನಾಕಿ. ಸಂಪಿನ ಮೋಟರ ಗುಂಯ್ ಅಂತೈತಿ, ತಿರಗವಲ್ದು. ಸುಟ್ಟ ವಾಸನಿ ಇನ್ನೂ ಬಂದಿಲ್ಲ, ನಾನ ಸ್ವಿಚ್ ಬಂದ್ ಮಾಡೀನಿ. ಮ್ಯಾಲಿನ ಟಾಕಿ ಅರ್ಧ ಐತಿ, ಮಧ್ಯಾನದ ತನಕ ಸಾಕಾಕೈತಿ. ಈಗ ಹತ್ತು ಹೊಡದೈತಿ."

ನಾನು ಸಾಲುಸಾಲಾಗಿ ತೆಲುಗಿಗೆ ತಿರುಗಿಸಿದೆ. ಕಮಿಟಿಯಲ್ಲಿದ್ದ ವಯಸ್ಸಾದ ಇಂಜಿನಿಯರೊಬ್ಬರು, ಈಕೆ ಸ್ವಿಚ್ ಆರಿಸದಿದ್ದರೆ ನಾವು ಎರಡು ದಿನ ಟ್ಯಾಂಕರು ತರಿಸಬೇಕಿತ್ತು ಎಂದರು. ಉಳಿದವರು ಹೌದೆಂದು ತಲೆಯಾಡಿಸಿದರು. ಕಾರ್ಯದರ್ಶಿ ತಲೆ ತಗ್ಗಿಸಿ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದರು. ಟೇಪು ಇನ್ನೂ ಓಡುತ್ತಿತ್ತು. ನಿಲ್ಲಿಸಲು ನಾನು ಕೈ ಚಾಚಿದೆ, ಅಷ್ಟರಲ್ಲಿ ಅವಳ ದನಿ ಮತ್ತೆ ಬಂತು. ಆ ದಿನ ಬೂತಿನಲ್ಲಿ ಮಿಸ್ತ್ರಿಯೂ ನಾನೂ ಇದನ್ನು ಕೇಳಿಸಿಕೊಂಡಿರಲಿಲ್ಲ, ಗುಂಯ್ ಎಂದೊಡನೆ ಓಡಿದ್ದೆವು.

"ಎಲ್ಲಾ ಹೇಳೀನ್ರಿ," ಎಂದಿತು ದನಿ. "ಫೋನ್ ಇಡ್ಲೇನ್ರಿ?"

ಟೇಪು ಸರಸರ ಎಂದಿತು. ಅವಳು ಉತ್ತರಕ್ಕೆ ಕಾಯುತ್ತಿದ್ದಳು.

ಉತ್ತರ ಬಾರದ್ದರಿಂದ ಅವಳು ತೆಲುಗಿನಲ್ಲಿ, ಇನ್ನೂ ಸ್ವಲ್ಪ ಮೆತ್ತಗೆ, ಅದನ್ನೇ ಮತ್ತೊಮ್ಮೆ ಕೇಳಿದಳು: "ಪೆಟ್ಟೆಯ್ಯನಾ ಸಾರ್?"

"ಆಂ, ಪೆಟ್ಟೆಯ್ಯಮ್ಮಾ," ಎಂದರು ಕಾರ್ಯದರ್ಶಿ, ಯಂತ್ರಕ್ಕೆ.